ಹಗೇವಿನೊಳಗಿನ ಸ್ಟೆನ್

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಭಾಲ್ಕಿಯ ನಮ್ಮ ಮನೆಯ ಗಡಿಯಾರ ಅಷ್ಟು ತೋರಿಸುತ್ತಿದ್ದಾಗ ನಿಜಾಮನ ಪರವಾಗಿ ಬಂದೂಕು ಹಿಡಿದಿದ್ದ ರಜಾಕಾರರು ಅಂಗಳಕ್ಕೆ ನುಗ್ಗಿದರು. ಇಂದಿಗೂ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬಂದರೆ ನನ್ನ ಕಣ್ಣು ಗಡಿಯಾರದತ್ತ ಹೋಗುತ್ತದೆ. ನಿಮಗೂ ಅಂಥದೊಂದು ವಾಸನೆ ಇರಬಹುದು. ಅದೇ ಎಣ್ಣೆ ಸವರಿದ ಅರಿವೆಯಲ್ಲಿ ಅಪ್ಪನ ತಮ್ಮ ಕಾಕಾ ತನ್ನ ಸ್ಟೆನ್ ಬಂದೂಕನ್ನು ಸುತ್ತಿ, ನಮ್ಮ ಹಗೇವಿನಲ್ಲಿ, ಅಂದರೆ ನೆಲದಡಿಯ ಜೋಳದ ಕಣಜದಲ್ಲಿ ಹೂತಿಟ್ಟು, ನಿಜಾಮನ ವಿರುದ್ಧ ಹೋರಾಡುವವರ ಗಡಿಯಾಚೆಯ ಶಿಬಿರ ಸೇರಿದ್ದ. ಎಣ್ಣೆ ಕೊಟ್ಟವನು ಪಕ್ಕದ ಮನೆಯ ದರ್ಜಿ ಖಾಸಿಂ ಚಾಚಾ. ಯಾತಕ್ಕೆಂದು ಅವನು ಕೇಳಿರಲಿಲ್ಲ. ಕಾಕಾ ಅದನ್ನು ಸುತ್ತುವಾಗ ಕೇಳಿದವಳು ಹತ್ತು ವರ್ಷದ ನಾನು.

"ಸ್ಟೆನ್ ಅಂದ್ರ ಏನು ಕಾಕಾ?"

"ಯಾರಿಗಿ ಗೊತ್ತವ್ವಾ! ನಮ್ಮ ಎತ್ತಿಗಾದ್ರ ಬಣ್ಣ ನೋಡಿ ಹೆಸರಿಟ್ಟೇವಿ. ಇದಕ್ಕ ಇಟ್ಟಾಂವಗೇ ಕೇಳಬೇಕು."

ಬಂದೂಕು ಹುಡುಕುತ್ತ ಬಂದವರು ಹಗೇವಿನ ಬಾಯಿಕಲ್ಲು ತೆಗೆಸಿದರು. ಹುಳಿ ವಾಸನೆ ಮೇಲೆದ್ದಿತು. ಇಳಿಯಲು ಅವರಲ್ಲಿ ಯಾರಿಗೂ ಮನಸ್ಸಿಲ್ಲ. ಮುಖಂಡ ನನ್ನ ಸೊಂಟಕ್ಕೆ ಹಗ್ಗ ಕಟ್ಟಿಸಿದ. ಅವ್ವ ಅವನ ಕಾಲು ಹಿಡಿದಳು. "ಒಂದಿನ ಗಾಳಿ ಆಡಬೇಕ್ರಿ ಒಳಗ. ಈಗ ಇಳಿಸಿದ್ರ ಕೂಸು ಸಾಯ್ತದ್ರಿ!"

ಗದ್ದಲ ಕೇಳಿ ಚಾಚಾ ಓಡಿಬಂದ. "ಪೈಲೆ ದಿವಾ ಛೋಡೋ ಸಾಬ್." ಮೊದಲು ದೀಪ ಇಳಿಬಿಡಿ ಎಂದ, ದೀಪ ಬದುಕಿದರೆ ಹುಡುಗಿಯೂ ಬದುಕುತ್ತಾಳೆ. ಲಾಟೀನು ಎರಡು ಮೊಳ ಇಳಿಯುವಷ್ಟರಲ್ಲಿ ಆರಿತು. ಮತ್ತೆ ಹಚ್ಚಿದರು. ಮತ್ತೆ ಆರಿತು. ಹಗ್ಗ ಬಿಚ್ಚಿದವನು ಚಾಚಾನೇ. ನಾಳೆ ಬರುತ್ತೇವೆಂದು ಹೋದವರು ಬರಲಿಲ್ಲ. ಮರುದಿನ ಭಾರತದ ಮಿಲಿಟರಿ ಬಂತು.

ಆಮೇಲೆ ರಜಾಕಾರರ ಮೇಲಿನ ಸೇಡಿಗೆ ನಮ್ಮವರೇ ಕೊಡಲಿ ಹಿಡಿದು ಚಾಚಾನ ಮನೆಯತ್ತ ಹೊರಟರು. ಮರಳಿ ಬಂದಿದ್ದ ಕಾಕಾ ಹಗೇವಿಗಿಳಿದು ಬಂದೂಕು ತಂದು ಆ ಹೊಸ್ತಿಲ ಮೇಲೆ ಕೂತ.

"ಯಾರ ಪೈಕಿಯೋ ನೀ, ದರ್ಜಿ ಅಳಿಯಾ?" ಗುಂಪಿನಲ್ಲೊಬ್ಬ ಹಂಗಿಸಿದ.

"ಈ ಓಣಿ ಪೈಕಿ. ದಾಟ್ರಿ ನೋಡೂಣು."

ಯಾರೂ ದಾಟಲಿಲ್ಲ. ಕಾಕಾನೂ ಒಂದು ವಾರ ಅಲ್ಲಿಂದ ಏಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಕಾಲೇಜಿನ ಗ್ರಂಥಾಲಯದಲ್ಲಿ ಆ ಹೆಸರಿನ ಮೂಲ ಸಿಕ್ಕಿತು. ಮಹಾಯುದ್ಧದ ಅವಸರದಲ್ಲಿ ಅದನ್ನು ರೂಪಿಸಿದ ಇಬ್ಬರು ಇಂಗ್ಲಿಷರ ಹೆಸರುಗಳ ಮೊದಲಕ್ಷರ, ಕಾರ್ಖಾನೆಯಿದ್ದ ಊರಿನ ಮೊದಲೆರಡು ಅಕ್ಷರ. ಇಬ್ಬರು ಮನುಷ್ಯರು, ಒಂದು ಊರು. ಅಷ್ಟೇ. ಹೇಳೋಣವೆಂದರೆ ಆಗಲೇ ಕಾಕಾ ಇರಲಿಲ್ಲ, ಚಾಚಾನೂ ಇರಲಿಲ್ಲ. ಹಗೇವಿನ ಬಾಯಿಗೆ ಯಾರೋ ಫರಸಿ ಕಲ್ಲು ಹಾಸಿದ್ದರು. ಕಣ್ಣು ಮುಚ್ಚಿದರೆ ಆ ಹಗ್ಗ ಮಾತ್ರ ಈಗಲೂ ಸೊಂಟಕ್ಕೆ ಬಿಗಿಯುತ್ತದೆ.

ಆ ವಾರದ ಕೊನೆಗೆ, ಕಾಕಾ ಬಂದೂಕನ್ನು ಮಿಲಿಟರಿಯವರಿಗೆ ಒಪ್ಪಿಸಿದ ದಿನ, ಚಾಚಾನ ಮನೆಯವರು ನಮ್ಮ ಪಡಸಾಲೆಯಲ್ಲೇ ಹಾಸಿಕೊಂಡರು. ಎರಡೂ ಮನೆಯವರು ಅಂದು ಬೆಳಕು ಹರಿಯುವವರೆಗೆ ಎಚ್ಚರವಿಲ್ಲದೆ ಮಲಗಿದೆವು. ಅವ್ವ ನನ್ನ ತಲೆದೆಸೆಯಲ್ಲಿ ಹಚ್ಚಿಟ್ಟಿದ್ದ ಲಾಟೀನು ಬೆಳಗ್ಗೆಯೂ ಉರಿಯುತ್ತಿತ್ತು.