ಬಾಗಿಲು ತಾತ

ಹಳೇ ಕಾರುಗಳ ಪ್ರದರ್ಶನ ಎಲ್ಲೇ ನಡೆಯಲಿ, ಗೇಟು ತೆರೆಯುವ ಮುಂಚೆಯೇ ಇಸ್ತ್ರಿ ಅಂಗಿ ತೊಟ್ಟು ಬಾಗಿಲು ತಾತ ಹಾಜರು. ಮಾಲೀಕರು ಬಾನೆಟ್ ಎತ್ತಿ ಎಂಜಿನ್ನಿನ ಗುಣಗಾನ ಶುರುಮಾಡಿದರೆ ತಾತನಿಗೆ ಅದು ಬೇಡ. "ಬಾಗಿಲು ಒಂದ್ಸಲ ಹಾಕಪ್ಪ, ಕೇಳೋಣ" ಎಂದು, ಪಾಠ ಒಪ್ಪಿಸಿಕೊಳ್ಳುವ ಮೇಷ್ಟರಂತೆ ಕಣ್ಣು ಮುಚ್ಚುತ್ತಾರೆ. ಆ ಒಂದೇ ಸದ್ದಿಗೆ ಕಾರಿನ ಇಸವಿ ಹೇಳುತ್ತಾರೆ. "ಈ ಬಾಗಿಲು ಇದರದ್ದಲ್ಲ, ಬೇರೆ ಗಾಡೀದು" ಎಂದು ಮುಖಕ್ಕೆ ಹೊಡೆದಂತೆ ಹೇಳುವುದೂ ಉಂಟು. ಜೊತೆಗೆ ಬಂದ ಅವರ ಮಗಳು ಮುಜುಗರದಿಂದ ತೋಳು ಹಿಡಿದೆಳೆದರೆ, ಜಪ್ಪಯ್ಯ ಅಂದರೂ ಕದಲುವುದಿಲ್ಲ. "ಎಷ್ಟು ಗಾಡಿ ರಿಪೇರಿ ಮಾಡಿದ ಕೈ ಸರ್ ಇದು?" ಎಂದು ಯಾರಾದರೂ ಕೇಳಿದರೆ ಮಾತ್ರ ತಟ್ಟನೆ ಕಾಫಿ ನೆನಪಾಗುತ್ತದೆ. ಮೊನ್ನೆ ಹಾಗೆ ಕೇಳಿದವಳು ತೀರಿಹೋದ ಅಪ್ಪನ ಕಾರನ್ನು ಉಳಿಸಿಕೊಂಡು ಬಂದಿದ್ದ ಹೆಣ್ಣುಮಗಳು. ತಾತ ಕಾಫಿಯ ಕಡೆ ತಿರುಗಲಿಲ್ಲ. "ರಿಪೇರಿ ಅಲ್ಲಮ್ಮ, ನಂದು ಗುಜರಿ ಅಂಗಡಿ. ಮೂವತ್ತು ವರ್ಷ ಇಂಥವನ್ನ ಒಡೆದು ತೂಕಕ್ಕೆ ಹಾಕಿದೋನು ನಾನು" ಎಂದರು. ಆಮೇಲೆ ಅವಳ ಕಾರಿನ ಬಾಗಿಲ ಹಿಡಿಯನ್ನು ಇಸ್ತ್ರಿ ಅಂಗಿಯ ತುದಿಯಿಂದಲೇ ಒರೆಸುತ್ತಾ, "ಸುತ್ತಿಗೆ ಎತ್ತೋ ಮುಂಚೆ ಪ್ರತಿಯೊಂದರ ಬಾಗಿಲೂ ಒಂದ್ಸಲ ಹಾಕಿ ನೋಡ್ತಿದ್ದೆ. ಎಲ್ಲಾ ಚೆನ್ನಾಗೇ ಹಾಕ್ಕೊಳ್ತಿದ್ವು" ಎಂದರು.