ಪಿನ್ ಹೊಡೆಯದ ಎರಡು ಹಾಳೆ

ಸ್ಟೇಪ್ಲರ್ ಒತ್ತಬೇಕು ಎನ್ನುವಷ್ಟರಲ್ಲಿ ಅವರು ನನ್ನ ಕೈ ಹಿಡಿದುಬಿಟ್ಟರು. "ಎರಡೂ ಕೂಡಿಸಬ್ಯಾಡ್ರಿ ಮೇಡಂ," ಎಂದರು.

ಅವರು ಕಲಬುರ್ಗಿ ಕಡೆಯವರು. ಶೆಟ್ಟಿಹಳ್ಳಿಯಲ್ಲಿ ಕಟ್ಟಡ ಕೆಲಸದವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಆಯಾ. ಚಿಕಿತ್ಸೆಗೆ ಒಂದು ಕಡೆ, ಸರ್ಕಾರದ ನೆರವಿಗೆ ಇನ್ನೊಂದು ಕಡೆ ಜನ ಅಲೆಯುವುದು ತಪ್ಪಿ, ಎರಡೂ ಒಂದೇ ಕಡೆ ಸಿಗುವಂತಾಗಬೇಕು ಎಂಬುದು ನನ್ನ ಪಿಎಚ್.ಡಿ. ಸಂಶೋಧನೆ. ಅದಕ್ಕೆಂದೇ ಒಬ್ಬೊಬ್ಬರಿಗೂ ಎರಡು ಹಾಳೆ ತುಂಬಿ ಪಿನ್ ಹೊಡೆಯುತ್ತೇನೆ. ಹಳದಿಯದರಲ್ಲಿ ಕಾಯಿಲೆ, ಬಿಳಿಯದರಲ್ಲಿ ಕೆಲಸ. ಅವರ ಹಳದಿ ಹಾಳೆಯಲ್ಲಿ ಆಗಷ್ಟೇ 'ಫಿಟ್ಸ್' ಎಂದು ಬರೆದಿದ್ದೆ. ಮಾತ್ರೆ ತಪ್ಪಿದರೆ ಬರುತ್ತದಂತೆ.

"ಕೂಸು ಹಿಡಿಯಾಕಿಗೆ ಫಿಟ್ಸ್ ಬರ್ತಾವಂತ ಗೊತ್ತಾದ್ರ ನಾಳೆನೇ ಕೆಲಸ ಬಿಡಿಸ್ತಾರ್ರೀ."

ಹೇಳಿದ್ದನ್ನು ಗುಟ್ಟಾಗಿಡುತ್ತೇನೆಂದು ಮೊದಲೇ ಮಾತು ಕೊಟ್ಟಿದ್ದೆ. ಹಾಳೆಗಳನ್ನು ಬೇರೆ ಬೇರೆ ಫೈಲಿಗೆ ಸೇರಿಸಿದೆ. ನಾನು ಹೊರಟಾಗ ಬಾಗಿಲವರೆಗೆ ಬಂದವರು, ಸೊಂಟದ ಮೇಲಿದ್ದ ಯಾರದೋ ಕೂಸಿನ ಕೈ ಹಿಡಿದು ನನಗೆ ಟಾಟಾ ಮಾಡಿಸಿದರು.

ಈಗ ದಿನಾ ಬೆಳಿಗ್ಗೆ ಅವರು ಕೆಲಸಕ್ಕೆ ಹೊರಡುವ ಮೊದಲು ಫೋನ್ ಮಾಡುತ್ತೇನೆ. ಸಂಶೋಧನೆಯ ಯಾವ ನಿಯಮದಲ್ಲೂ ಇದಿಲ್ಲ. "ಗುಳಿಗಿ ನುಂಗೀನ್ರಿ" ಎಂಬ ಅವರ ದನಿ ಕೇಳುವವರೆಗೂ ಆ ಪುಟ್ಟ ಕೈ ಕಣ್ಣ ಮುಂದೆ ಆಡುತ್ತಲೇ ಇರುತ್ತದೆ.