ಸೋಮವಾರದ ಫರಸಿ ಬಂಡಿ

ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಅದನ್ನೂ ಅರ್ಧಕ್ಕೇ ಬಿಟ್ಟೆ. ಆಮೇಲೆ ಚಿತ್ತಾಪುರದ ಹೊರಗಿನ ಖಣಿಯಲ್ಲಿ ಬಂಡಿಗೆ ಫರಸಿ ಹೇರುವ ಕೆಲಸ. ಫರಸಿ ಎಂದರೆ ನೆಲಕ್ಕೆ ಹಾಸುವ ಕಲ್ಲು. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ದೂರದವರು ಓದಿದರೆ ಇರಲಿ ಎಂದು ಬರೆದೆ.

ಖಣಿಯ ಸಾಹುಕಾರರಿಗೆ ವಾಡಿ ಸ್ಟೇಷನ್ನಿನ ಮಗ್ಗುಲಲ್ಲಿ ಒಂದು ಡಿಪೋ ಇತ್ತು. ಬಂಡಿಯಲ್ಲಿ ಬಂದ ಕಲ್ಲನ್ನು ಅಲ್ಲಿ ಇಳಿಸಿ ರೈಲಿಗೆ ಹಾಕುತ್ತಿದ್ದರು. ಅಲ್ಲಿನ ಗುಮಾಸ್ತ ಕೆಲಸ ಬಿಟ್ಟು ಹೈದರಾಬಾದಿಗೆ ಹೋದ. ಆ ಜಾಗ ನನಗೆ ಬೇಕಾಗಿತ್ತು. ಕಲ್ಲು ಹೊರುವುದಕ್ಕಿಂತ ನಿಂತು ಹೊರಿಸುವುದು ಸುಖ ಎಂದು ತಿಳಿಯುವಷ್ಟು ಬುದ್ಧಿ ನಾಲ್ಕನೆಯ ಇಯತ್ತೆಯಲ್ಲೇ ಬಂದಿತ್ತು.

ಹೋಗಿ ಕೇಳಿದೆ. ಸಾಹುಕಾರರು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

“ಚಿತ್ತಾಪುರದಾಗ ವ್ಯಾಪಾರದ ಸಾಲಿ ಸುರು ಆಗ್ಯದ. ಪಾಸಾಗಿ ಬಾ, ಡಿಪೋ ನಿಂದು. ಇಲ್ಲಂದ್ರ ನನ್ನ ಹೆಣ್ತಿ ತಮ್ಮ ಅದಾನ. ಅವ ಹ್ಯಾಂಗೂ ಖಾಲಿ ಕುಂತಾನ.”

“ಅವ್ರು ಪಾಸಾಗ್ಯಾರೇನ್ರಿ?”

“ಅವ್ಗ ಪಾಸ್ ಬ್ಯಾಡ. ಅವ ನನ್ನ ಹೆಣ್ತಿ ತಮ್ಮ.”

ಸೇರಿದೆ.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಕೆಲವು ವರ್ಷವಾಗಿತ್ತು. ಊರಿನ ವ್ಯಾಪಾರಸ್ಥರು ಕೂಡಿ, ತೊಗರಿ ತುಂಬುವ ಗೋದಾಮಿನ ಮೇಲಿನ ಕೋಣೆಯಲ್ಲಿ ಈ ಶಾಲೆ ತೆಗೆದಿದ್ದರು. ಬಾಗಿಲ ಮೇಲಿನ ಬೋರ್ಡಿನಲ್ಲಿ ಗೋದಾಮಿನ ಹೆಸರು ಉರ್ದುವಿನಲ್ಲಿತ್ತು. ಅದರ ಕೆಳಗೆ ಉಳಿದ ಜಾಗದಲ್ಲಿ ಶಾಲೆಯ ಹೆಸರನ್ನು ಕನ್ನಡದಲ್ಲಿ ಬರೆಸಿದ್ದರು. ಜಾಗ ಸಾಲದೆ ಕೊನೆಯ ಎರಡು ಅಕ್ಷರ ಚೌಕಟ್ಟಿನ ಮೇಲೆ ಇಳಿದಿದ್ದವು. ಪಾಠ ವಾರಕ್ಕೊಮ್ಮೆ, ಸೋಮವಾರ. ಬಂದು ಕೂಡುವವರಿಗೆ ಅಂದೇ ಬಿಡುವು.

ಮಾಸ್ತರರು ಸೋಲಾಪುರದವರು, ಅಲ್ಲಿ ಗಿರಣಿಯ ಆಫೀಸಿನಲ್ಲಿ ಇದ್ದು ಬಂದವರು. ಎಂಥ ಬಿಸಿಲಿನಲ್ಲೂ ಕೋಟು ಬಿಚ್ಚುತ್ತಿರಲಿಲ್ಲ. ಕೆಲವು ತಿಂಗಳು ಪಾಠ ಹೇಳಿದ ಮೇಲೆ ಒಂದು ದಿನ ಹೇಳಿದರು:

“ಇನ್ನ ಮಾತು ಸಾಕು. ನಾಲ್ಕು ನಾಲ್ಕು ಮಂದಿ ಕೂಡಿ ಒಂದು ಖರೇ ವ್ಯಾಪಾರ ಮಾಡ್ರಿ. ಗಿರಾಕಿ ಹುಡುಕ್ರಿ, ಮಾಲು ಮುಟ್ಟಿಸ್ರಿ. ಪಾಸಾದ್ರ ನಾಲ್ಕೂ ಮಂದಿ ಪಾಸ್. ನಪಾಸಾದ್ರ ನಾಲ್ಕೂ ಮಂದಿ ನಪಾಸ್.”

ಈ ಕೊನೆಯ ಮಾತು ನನಗೆ ಸೇರಲಿಲ್ಲ. ನನ್ನ ಡಿಪೋ ಈಗ ಇನ್ನೂ ಮೂರು ತಲೆಗಳ ಕೈಯಲ್ಲಿತ್ತು. ಆ ತಲೆಗಳನ್ನು ಸರಿಯಾಗಿ ನೋಡಿದೆ.

ಒಬ್ಬ ಸುಲೇಪೇಟದ ಕಿರಾಣಿ ಅಂಗಡಿಯವರ ಮಗ. ಬೆಂಚಿನ ಮೇಲೂ ಗಾದಿಯ ಮೇಲೆ ಕುಳಿತವನ ಹಾಗೆ ಕುಳಿತುಕೊಳ್ಳುತ್ತಿದ್ದ. ಇನ್ನೊಬ್ಬ ಸೇಡಮ್ಮಿನವನು. ಉರ್ದು ಶಾಲೆ ಕಲಿತು ಸರಕಾರಿ ನೌಕರಿಯ ದಾರಿ ಕಾಯುತ್ತಿದ್ದಾಗ ಸರಕಾರವೇ ಬದಲಾಗಿತ್ತು. ಯಾವ ಲಿಪಿ ಕೊಟ್ಟರೂ ಚೆಂದ ಬರೆಯುತ್ತಿದ್ದ, ಚಿತ್ರವನ್ನೂ ತೆಗೆಯುತ್ತಿದ್ದ. ಮೂರನೆಯವನು ಗುಂಡಗುರ್ತಿಯಲ್ಲಿ ಒಕ್ಕಲುತನ ಮಾಡುವವನು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ನಮ್ಮೆಲ್ಲರಿಗಿಂತ ಹಿರಿಯನಾದ್ದರಿಂದ ಅವನನ್ನು ಅಣ್ಣ ಎನ್ನುತ್ತಿದ್ದೆವು. ಮಾತಾಡುವ ಮೊದಲು ಒಂದು ಸಲ ಕೆಮ್ಮುತ್ತಿದ್ದ. ಎಷ್ಟೋ ಸಲ ಕೆಮ್ಮಿ ಅಷ್ಟಕ್ಕೇ ಬಿಡುತ್ತಿದ್ದ.

ಗಿರಾಕಿ ಒಂದೇ ದಿನದಲ್ಲಿ ಸಿಕ್ಕಿತು. ಊರಿನ ವಾಚನಾಲಯದ ಮುಂದಿನ ಅಂಗಳಕ್ಕೆ ಫರಸಿ ಹಾಸಿಸಬೇಕಾಗಿತ್ತು. ವಾಚನಾಲಯದ ಯಜಮಾನರನ್ನು ಕೇಳಿದೆ, ಹ್ಞೂಂ ಎಂದರು. ಖಣಿಯಲ್ಲಿ ಹೇಳಿದೆ, ಕಲ್ಲು ತೆಗೆದಿಟ್ಟರು. ಕೆಲಸ ಮುಗಿಯಿತು ಎಂದುಕೊಂಡೆ. ತಂಡದ ಕೆಲಸ ಆಗ ಶುರುವಾಯಿತು.

“ನಾ ಅಧ್ಯಕ್ಷ ಆಗ್ತೀನಿ,” ಎಂದ ಸುಲೇಪೇಟದವನು.

“ಯಾಕ?” ಎಂದೆ.

“ಚೂಡಾ ಯಾರು ತಂದಾರ?”

ಚೂಡಾ ಅವನೇ ತಂದಿದ್ದ. ನಾವು ಮೂವರೂ ತಿನ್ನುತ್ತಿದ್ದೆವು. ಬಾಯಿ ತುಂಬಿದ್ದರಿಂದ ಯಾರೂ ಬೇಡ ಎನ್ನಲಿಲ್ಲ.

“ಅಧ್ಯಕ್ಷ ಅಂದ್ರ ಮಠದ ಸಭಾ ಇದ್ದಂಗ ಆಗ್ತದ,” ಎಂದ ಸೇಡಮ್ಮಿನವನು. “ಉರ್ದುದಾಗ ಸದರ್ ಅನ್ನೋಣು. ವಜನ್ ಇರ್ತದ.”

“ಸದರ್ ಎಲ್ಲಾ ಓಡಿ ಹೋದ್ರು ಮಾರಾಯಾ, ನೀ ಇನ್ನ ಅಲ್ಲೇ ಅದಿ,” ಎಂದ ಸುಲೇಪೇಟದವನು.

ಇದು ಎರಡು ಸೋಮವಾರ ನಡೆದು, ಸುಲೇಪೇಟದವನು ಅಧ್ಯಕ್ಷನೇ ಆದ. ಆಮೇಲೆ ಕಂಪನಿಗೆ ಹೆಸರು ಇಡುವುದು. ಅದಕ್ಕೂ ಅಷ್ಟೇ ಹಿಡಿಯಿತು. ಕೊನೆಗೆ ಇಟ್ಟ ಹೆಸರು ನನಗೆ ಈಗ ನೆನಪಿಲ್ಲ, ಉದ್ದವಾಗಿತ್ತು. ಅಣ್ಣ ಕೆಮ್ಮಿದ.

ಮಾಸ್ತರರಿಗೆ ನಕ್ಷೆ ಬೇಕಾಗಿತ್ತು. ಯಾರು, ಯಾವ ದಿನ, ಏನು ಮಾಡುತ್ತಾರೆ ಎಂದು ದೊಡ್ಡ ಕಾಗದದ ಮೇಲೆ ತೋರಿಸಬೇಕು. ಸೇಡಮ್ಮಿನವನು ಬಣ್ಣದ ಪೆನ್ಸಿಲು ತಂದು ಕುಳಿತ. ಎಡಕ್ಕೆ ಖಣಿ, ಬಲಕ್ಕೆ ವಾಚನಾಲಯ, ನಡುವೆ ನಾಲ್ಕು ಬಂಡಿ, ಎಂಟು ಎತ್ತು. ಎತ್ತುಗಳಿಗೆ ಕೋಡಣಸು, ಗೊಂಡೆ, ಗೆಜ್ಜೆ. ದಾರಿಯ ಮಗ್ಗುಲಲ್ಲಿ ಒಂದು ದೊಡ್ಡ ಗಿಡ ತೆಗೆದ.

“ಆ ದಾರಿಯಾಗ ಗಿಡ ಎಲ್ಲದಲೇ?” ಎಂದೆ.

“ಇರ್ಲಿ, ಚೆಂದ ಕಾಣ್ತದ.”

ದಿನ ಆರಿಸುವುದನ್ನು ಮಾಸ್ತರರು ನಮಗೇ ಬಿಟ್ಟರು. ನಾವು ಹೇಳಿದ ದಿನ ಪರೀಕ್ಷಕರನ್ನು ಕರೆದುಕೊಂಡು ಬರುತ್ತೇನೆ ಎಂದರು. ಮಂಗಳವಾರ ನನಗೆ ಹೇರುವ ಕೆಲಸ. ಬುಧವಾರವೂ ಅದೇ. ಗುರುವಾರ ಅಧ್ಯಕ್ಷನ ಅಂಗಡಿಗೆ ಮಾಲು ಬರುತ್ತದೆ. ಶುಕ್ರವಾರದಿಂದ ಮುಂದೆ ಅಣ್ಣನಿಗೆ ಹೊಲದ ಕೆಲಸ. ಸೇಡಮ್ಮಿನವನಿಗೆ ಎಲ್ಲ ದಿನವೂ ಬಿಡುವು, ಅವನನ್ನು ಕೇಳಲಿಲ್ಲ.

“ಸೋಮವಾರ ಯಾರಿಗೇನು ಕೆಲಸದ?” ಎಂದ ಅಧ್ಯಕ್ಷ.

ಯಾರಿಗೂ ಇರಲಿಲ್ಲ. ಅಲ್ಲಿಯವರೆಗೆ ನಾವು ಜಗಳವಾಡದೆ ತೀರ್ಮಾನ ಮಾಡಿದ ಒಂದೇ ವಿಷಯ ಇದು. ಎತ್ತುಗಳ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ‘ಸೋಮವಾರ’ ಎಂದು ಬರೆದೆವು. ಮಾಸ್ತರರು ನೋಡಿ, ಕೂಡಿ ಕೆಲಸ ಮಾಡುವುದು ಅಂದರೆ ಹೀಗೆ ಎಂದರು. ನಕ್ಷೆಯನ್ನು ವಾಚನಾಲಯದ ಗೋಡೆಗೆ ಹಚ್ಚಿದರು.

ಬಂಡಿಯವರಿಗೆ ಹೇಳುವುದು ಅಧ್ಯಕ್ಷನ ಪಾಲಿಗೆ ಬಂದಿತ್ತು. ಬರುವ ವಾರ ಶುರುವಿಗೇ ನಾಲ್ಕು ಬಂಡಿ ಬೇಕು ಎಂದು ಹೇಳಿ ಬಂದ. ಅವರು ಆಯಿತು ಎಂದಿದ್ದರು.

ಸೋಮವಾರ ಹೊತ್ತು ಏರಿದ ಮೇಲೂ ಖಣಿಯಲ್ಲಿ ಕಲ್ಲು ಇತ್ತು, ನಾವಿದ್ದೆವು, ಬಂಡಿ ಇರಲಿಲ್ಲ. ಬಂಡಿಯವರ ಹಿರಿಯನ ಮನೆಗೆ ನಡೆದೆವು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಎತ್ತುಗಳ ಮೈ ತೊಳೆದು, ಕೋಡಿಗೆ ಎಣ್ಣೆ ಸವರಿ, ಮುಂದೆ ಜೋಳದ ಕಣಿಕೆ ಹಾಕಿದ್ದರು. ಕಾಕಾ ಹೊರಸಿನ ಮೇಲೆ ಮಲಗಿದ್ದರು.

“ಕಾಕಾ, ಬಂಡಿ?” ಎಂದೆ.

“ಅಲ್ಲೇ ನಿಂತಾವಲ್ಲ.”

“ಎತ್ತು ಹೂಡ್ರಿ ಮತ್ತ.”

ಕಾಕಾ ಎದ್ದು ಕುಳಿತು ನನ್ನ ಮುಖ ನೋಡಿದರು. “ಇವತ್ತ ಯಾ ವಾರ?”

“ಸೋಮವಾರ.”

“ಹ್ಞಾಂ. ನಿನ್ನ ಬಾಯಿಲೇ ಹೇಳ್ದಿ.”

ಸೋಮವಾರ ಬಸವಣ್ಣನ ದಿನ. ನಮ್ಮ ಕಡೆ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹೊಲಕ್ಕೂ ಇಲ್ಲ, ಬಂಡಿಗೂ ಇಲ್ಲ. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ‘ವಾರ ಶುರುವಿಗೆ’ ಎಂದದ್ದನ್ನು ಬಂಡಿಯವರು ಮಂಗಳವಾರ ಎಂದೇ ತಿಳಿದಿದ್ದರು. ಬಂಡಿ ಹೋಗದ ಕಾರಣ ಸೋಮವಾರ ನನಗೆ ಹೇರುವ ಕೆಲಸವಿಲ್ಲ. ಬಂಡಿ ಬರದ ಕಾರಣ ಅಧ್ಯಕ್ಷನ ಅಂಗಡಿಗೆ ಗಿರಾಕಿಯಿಲ್ಲ. ಅಣ್ಣ ಹೊಲಕ್ಕೆ ಹೋಗುವುದಿಲ್ಲ. ನಾವು ಸೋಮವಾರ ಶಾಲೆಗೆ ಬರುತ್ತಿದ್ದದ್ದೇ ಎತ್ತುಗಳಿಗೆ ಅಂದು ರಜೆ ಎಂದು. ಅದೇ ದಿನಕ್ಕೆ ಎಂಟು ಎತ್ತು ಬರೆದು ಕೆಳಗೆ ಕೆಂಪಕ್ಷರ ಹಾಕಿದ್ದೆವು.

ಮೂವರೂ ಅಣ್ಣನ ಕಡೆ ತಿರುಗಿದೆವು.

“ಅಣ್ಣಾ, ನೀನರ ಹೇಳಬಾರದೇನು? ವಾರ ವಾರ ಎತ್ತಿನ ಪಾದಕ್ಕ ನೀರು ಹಾಕಾವ ನೀನು!” ಎಂದ ಅಧ್ಯಕ್ಷ.

ಅಣ್ಣ ಕೆಮ್ಮಿದ. “ಅದು ಗ್ವಾಡಿಗಿ ಹಚ್ಚೋದು ಅಂದ್ಕೊಂಡಿದ್ದೆ. ಇಲ್ಲದ ಗಿಡ ತೆಗದ್ರಿ, ನಾ ಏನಾರ ಅಂದ್ನೇನು? ಎತ್ತೂ ಹಂಗೇ ಅಂತ ತಿಳದೆ.”



ಇನ್ನೊಂದು ದಿನ ಹೇಳೋಣ ಎಂದ ಸೇಡಮ್ಮಿನವನು. ಪರೀಕ್ಷಕರು ಅಷ್ಟರಲ್ಲಿ ಟಾಂಗಾ ಹತ್ತಿರಬಹುದು. ಬಂದು ಬರಿಯ ಅಂಗಳ ನೋಡಿದರೆ ನಾಲ್ವರೂ ನಪಾಸ್. ಸಾಹುಕಾರರ ಹೆಂಡತಿಯ ತಮ್ಮ ವಾಡಿಯ ಡಿಪೋದಲ್ಲಿ ಕಾಲು ಚಾಚಿ ಕುಳಿತದ್ದು ನನಗೆ ಕಂಡೇಬಿಟ್ಟಿತು.

“ಕಾಕಾ, ಕೋಣಿನ ಬಂಡಿ ಸಿಗ್ತದೇನ್ರಿ?”

“ಅವ್ರು ಶಹಾಬಾದ ಕಡಿ ಹೋಗ್ಯಾರ.”

“ಹಂಗಾರ ಬರೀ ಬಂಡಿ ಒಯ್ಲೇನ್ರಿ?”

“ಒಯ್ರಿ. ಬಂಡಿಗೇನು ಸೋಮವಾರ ಅದ? ಮತ್ತ ಎಳಿಯೋರು ಯಾರು?”

“ನಾವೇ.”

ಕಾಕಾ ನಮ್ಮ ನಾಲ್ವರನ್ನೂ ಒಮ್ಮೆ ನೋಡಿದರು. “ಆಗ್ಲಿ. ನಿಮಗೂ ಸೋಮವಾರ ಇಲ್ಲ,” ಎಂದು ಮತ್ತೆ ಮಲಗಿದರು.

ಫರಸಿಯನ್ನು ಬಂಡಿಯಲ್ಲಿ ಮಲಗಿಸಬಾರದು, ಸೀಳುತ್ತದೆ. ಅಂಚಿನ ಮೇಲೆ ನಿಲ್ಲಿಸಿ ನಡುವೆ ಹುಲ್ಲು ತುರುಕಬೇಕು. ಹಾಗೆ ಹೇರಿದೆ. ಅಧ್ಯಕ್ಷ ಬಂಡಿ ತುಂಬ ಹೇರು ಎಂದ. ಪರೀಕ್ಷಕರ ಕುರ್ಚಿ ಇಡುವಷ್ಟು ಜಾಗಕ್ಕೆ ಸಾಕಾಗುವಷ್ಟೇ ಹೇರುತ್ತೇನೆ, ಹೆಚ್ಚು ಬೇಕಾದರೆ ತಲೆಯ ಮೇಲೆ ಹೊತ್ತುಕೊಂಡು ಬಾ ಎಂದೆ. ಎಡಗಡೆ ನಾನು ನೊಗ ಹಿಡಿದೆ. ಅಣ್ಣ ನೊಗ ಮುಟ್ಟಿ ಹಣೆಗೆ ಒತ್ತಿಕೊಂಡು ಬಲಗಡೆ ನಿಂತ. ಸೇಡಮ್ಮಿನವನು ಹಿಂದಿನಿಂದ ನೂಕುತ್ತಿದ್ದ. ಅಧ್ಯಕ್ಷ ಮುಂದೆ ನಡೆದು “ಹಾದಿ ಬಿಡ್ರಿ, ಹಾದಿ ಬಿಡ್ರಿ” ಎನ್ನುತ್ತಿದ್ದ. ಹಾದಿಯಲ್ಲಿ ಯಾರೂ ಇರಲಿಲ್ಲ.

ಊರ ಬಾಗಿಲಿಗೆ ಬಂದಾಗ ಜನ ಸಿಕ್ಕರು. ಕಟ್ಟೆಯ ಮೇಲಿನ ಒಬ್ಬ ಮುದುಕಿ ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು.

“ಎಡಗೋಲಿನ ಎತ್ತು ಸೊರಗ್ಯದ ನೋಡ್ರೆವ್ವ. ಹತ್ತಿಕಾಳು ಹಾಕಲ್ಲೇನೋ ಇದಕ್ಕ?”

“ಆಯೀ, ಮುಂದ ಹೊಂಟದಲ್ಲ, ಅದು ಎಲ್ಲಾ ತಿಂತದ,” ಎಂದೆ.

ಇಳಿಜಾರಿನಲ್ಲಿ ಬಂಡಿ ನಮ್ಮನ್ನು ನೂಕಿತು. ಅಧ್ಯಕ್ಷ ಅಂದು ಮೊದಲ ಸಲ ಓಡಿದ.

ವಾಚನಾಲಯದ ಮುಂದೆ ಟಾಂಗಾ ನಿಂತಿತ್ತು. ಪರೀಕ್ಷಕರು ಊರಿನ ಹಳೆಯ ಬೇಳೆ ವ್ಯಾಪಾರಿ, ಬಿಳಿ ರುಮಾಲು, ಮೂರು ಬೆರಳಿನ ವಿಭೂತಿ. ನೊಗದಲ್ಲಿ ನಮ್ಮನ್ನು ಕಂಡು ಅವರು ಎರಡೂ ಕೈ ಜೋಡಿಸಿದರು.

“ಬಸವಣ್ಣಗ ರಜಾ ಕೊಟ್ಟು ತಾವು ಹೆಗಲು ಕೊಟ್ಟಾರ! ಮಾಸ್ತರ, ಎಂಥಾ ವಿದ್ಯಾ ಕಲಿಸೀರಿ!”

ಮಾಸ್ತರರಿಗೆ ಏನೂ ತಿಳಿಯಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು “ಹೌದ್ರಿ” ಎಂದರು.

“ಮೊದಲೇ ವಿಚಾರ ಮಾಡಿದ್ವಿ ಅಜ್ಜಾರ,” ಎಂದ ಅಧ್ಯಕ್ಷ. “ಸೋಮವಾರ ನೋಡ್ರಿ, ಎತ್ತಿಗಿ ತ್ರಾಸ ಕೊಡೋದು ಬ್ಯಾಡಂತ...”

ಅವನ ಬೆನ್ನ ಹಿಂದೆ ಗೋಡೆಯ ಮೇಲೆ ನಕ್ಷೆ ಇತ್ತು. ಪರೀಕ್ಷಕರು ಚಾಳೀಸು ಹಾಕಿಕೊಂಡು ಅದರ ಹತ್ತಿರ ಹೋದರು. ಬೆರಳಿಟ್ಟು ಎಣಿಸಿದರು. ಕೆಳಗಿನ ಕೆಂಪಕ್ಷರ ಓದಿದರು.

“ಇಲ್ಲಿ ಎಂಟು ಮಂದಿ ಅದಾರಲ್ಲ, ಇವ್ರು ಯಾರು?”

“ಅವು... ಚೆಂದ ಕಾಣ್ಲಿ ಅಂತ್ರಿ,” ಎಂದ ಅಧ್ಯಕ್ಷ.

“ಚೆಂದ ಕಾಣ್ಲಿ ಅಂತ ನೊಗ ಯಾಕ ಹಾಕೀರಿ?”

ಅಧ್ಯಕ್ಷ ಸೇಡಮ್ಮಿನವನನ್ನು ನೋಡಿದ. ಸೇಡಮ್ಮಿನವನು ಆ ಗಿಡವನ್ನು ನೋಡಿದ. ಅಣ್ಣ ಕೆಮ್ಮಿದ. ನನ್ನ ಹೆಗಲು ಉರಿಯುತ್ತಿತ್ತು, ಇನ್ನೂ ಒಂದು ಸುತ್ತು ಕೇಳುವ ತಾಳ್ಮೆ ಇರಲಿಲ್ಲ.

“ಮರತಿದ್ವಿರಿ,” ಎಂದೆ. “ಸೋಮವಾರ ಎಲ್ಲಾರೂ ಖಾಲಿ ಇರ್ತೀವಂತ ಸೋಮವಾರ ಹಿಡದ್ವಿ. ಯಾಕ ಖಾಲಿ ಇರ್ತೀವಂತ ಯಾರೂ ವಿಚಾರ ಮಾಡ್ಲಿಲ್ಲ.”

ಅಧ್ಯಕ್ಷ ನನ್ನ ಕಾಲು ತುಳಿದ. ತಡವಾಗಿತ್ತು. ಪರೀಕ್ಷಕರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ನಗುವಿನ ದನಿ ಬಂತು. ರುಮಾಲು ಜಾರಿ ತೊಡೆಯ ಮೇಲೆ ಬಿತ್ತು. ಮಾಸ್ತರರು ಬಗ್ಗಿ ಕೇಳಿದರು:

“ನಪಾಸ್ ಅಂತ ಬರೀಲೇನ್ರಿ?”

“ತಡೀರಿ, ತಡೀರಿ.” ಕಣ್ಣು ಒರೆಸಿಕೊಂಡು ವಾಚನಾಲಯದ ಯಜಮಾನರನ್ನು ಕೇಳಿದರು, “ಕಲ್ಲು ಬಂದಾವೇನ್ರಿ?”

“ಕುರ್ಚಿ ಇಡೋ ಅಷ್ಟು ಬಂದಾವ್ರಿ.”

“ಉಳಿದದ್ದು?” ಇದು ನನಗೆ.

“ನಾಳಿ ಎತ್ತು ತರ್ತಾವ್ರಿ.”

“ನಾಳಿ ಹೊತ್ತು ಮುಳಗೋದ್ರಾಗ ಬಂದ್ರ ಪಾಸ್. ಬರ್ಲಿಲ್ಲಂದ್ರ ನಪಾಸ್. ಈ ನಕ್ಷೆ ಮಾತ್ರ ನಾ ಒಯ್ತೀನಿ.”

ಮಂಗಳವಾರ ಮಧ್ಯಾಹ್ನಕ್ಕೇ ಅಂಗಳ ತುಂಬಿತು. ಎತ್ತುಗಳಿಗೆ ಅದು ಏನೂ ಅನ್ನಿಸಲಿಲ್ಲ.

ಶಾಲೆಯವರು ನಾಲ್ವರಿಗೂ ಕೂಡಿ ಒಂದೇ ಪಾಸಿನ ಚೀಟಿ ಕೊಟ್ಟರು. ನನಗೆ ಅವಸರವಿದ್ದದ್ದರಿಂದ ಮೊದಲು ನಾನು ಒಯ್ದೆ. ಸಾಹುಕಾರರ ಮಗ್ಗುಲಲ್ಲಿ ಅವರ ಹೆಂಡತಿಯ ತಮ್ಮ ಲೋಡಿಗೆ ಒರಗಿ ಕುಳಿತಿದ್ದ. ಸಾಹುಕಾರರು ಚೀಟಿಯನ್ನು ಹಿಂದೆ ಮುಂದೆ ಮಾಡಿ ನೋಡಿದರು.

“ಇದರಾಗ ನಾಲ್ಕ ಹೆಸರವ. ನಿಂದೆಷ್ಟು?”

“ನೊಗದ ಎಡಗಡಿ ನಾ ಇದ್ದೆರಿ.”

ಕಥೆ ಅವರಿಗೆ ನನಗಿಂತ ಮೊದಲೇ ಮುಟ್ಟಿತ್ತು. ಎಲೆ ಜಗಿಯುತ್ತಾ ಮಗ್ಗುಲಿಗೆ ತಿರುಗಿದರು.

“ಎತ್ತಿಲ್ಲದ ದಿನ ಮಾಲು ಹೋಗಬೇಕಾಗ್ಯದ. ನೀ ಏನು ಮಾಡ್ತಿ?”

“ಮಾವಾರ, ಎತ್ತಿಲ್ಲಂದ್ರ ನಾ ಏನು ಮಾಡ್ಲಿ? ಮನಿಗಿ ಹೋಗ್ತೀನಿ.”

ತಪ್ಪು ಉತ್ತರವೇನಲ್ಲ. ಹಿಂದಿನ ವಾರ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

“ನಾಳಿ ಮುಂಜಾನಿ ವಾಡಿಗಿ ಹೋಗು,” ಎಂದರು ಸಾಹುಕಾರರು, ನನಗೆ. ಅವರ ಮನೆಯಲ್ಲಿ ಹೆಂಡತಿ ಏನು ಅಂದರೋ ಗೊತ್ತಿಲ್ಲ. ಮುಂದೆ ಬಹಳ ದಿನ ಅವರು ಮಧ್ಯಾಹ್ನದ ರೊಟ್ಟಿಯನ್ನು ನಮ್ಮ ಜೊತೆ ಡಿಪೋದಲ್ಲೇ ತಿಂದರು.